‘ಸ್ವಲ್ಪ ಕಷ್ಟ ಆಗಬಹುದು’ ಅನ್ನೋದನ್ನು ರಾಯಭಾರಿಗಳ ಧಾಟಿಯ ರಷ್ಯನ್‌ನಲ್ಲಿ ಹೇಗೆ ಬರೆಯೋದು?

ಬಿಸಿಲೂರು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಹೈದರಾಬಾದಿನ ಇಫ್ಲು ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಕಲಿತು, ಈಗ ಊರಿಗೆ ವಾಪಸ್ ಬಂದು ಮನೆಯಿಂದಲೇ ಅನುವಾದ ಮಾಡುತ್ತೇನೆ. ನನಗೆ ಬರೋ ಕೆಲಸ ಜಾಸ್ತಿ ಅಂದರೆ ಮಶೀನಿನ ಕೈಪಿಡಿ, ಔಷಧದ ಚೀಟಿ, ರಷ್ಯಾದಲ್ಲಿ ಡಾಕ್ಟರ್ ಓದುವ ಹುಡುಗರ ಮಾರ್ಕ್ಸ್ ಕಾರ್ಡು. ಅದೆಲ್ಲ ಕೈಗೆ ಒಗ್ಗಿದೆ. ಹೋದ ತಿಂಗಳು ಮಾತ್ರ ಬೇರೆ ಜಾತಿಯ ಕಾಗದ ಬಂತು. ಬೀದರ್‌ನ ಕೆಲವು ಬಿದ್ರಿ ಕುಶಲಕರ್ಮಿಗಳು ರಷ್ಯಾದ ಒಂದು ಪ್ರದರ್ಶನಕ್ಕೆ ಹೋಗಬೇಕಿತ್ತು. ಬೆಳ್ಳಿ ತಂತಿ ಕೂರಿಸಿದ ಹೂಜಿ, ತಟ್ಟೆ, ಡಬ್ಬಿ ಎಲ್ಲ ಜೊತೆಗೆ ಹೋಗಬೇಕು, ಮತ್ತೆ ವಾಪಸ್ಸೂ ಬರಬೇಕು. ಅದರ ಕಾಗದಪತ್ರ ತಡ ಆಗಬಹುದು ಅಂತ ಮುಂಚೆಯೇ ತಿಳಿಸುವ ಪತ್ರ. ಇಂಗ್ಲಿಷ್ ಅಂದರೆ ಕೋಟು ಟೈ ಹಾಕಿಕೊಂಡ ಇಂಗ್ಲಿಷ್. ಆ ಸಾಲನ್ನು ಇದ್ದ ಹಾಗೇ ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ:

‘ಸರ್ಟನ್ ಪೊಟೆನ್ಶಿಯಲ್ ಡಿಫಿಕಲ್ಟೀಸ್ ವಿಚ್ ಮೇ ಬಿ ಎನ್‌ಕೌಂಟರ್ಡ್ ಇನ್ ದ ಟೈಮ್ಲಿ ಕಂಪ್ಲೀಷನ್ ಆಫ್ ಫಾರ್ಮ್ಯಾಲಿಟೀಸ್.’

ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಪದಕ್ಕೆ ಪದ ಹಾಕಿದರೆ ಒಣ ಆಗುತ್ತೆ, ರಷ್ಯನ್ ಕಚೇರಿಯವರು ಬರೆಯೋ ಹಾಗೇ ಬರೆಯೋಣ ಅಂದುಕೊಂಡು ‘ಸಕಾಲದಲ್ಲಿ ಕಾಗದಪತ್ರ ಮುಗಿಸುವುದು ಪ್ರೆದ್‌ಸ್ತವ್ಲ್ಯಾಯೆತ್ಸ್ಯಾ ಜತ್ರುದ್ನೀತೆಲ್ನಿಮ್’ ಅಂತ ಬರೆದೆ. ಅಕ್ಷರಶಃ ಅರ್ಥ ‘ಕಷ್ಟಕರವಾಗಿ ತೋರುತ್ತದೆ’. ನನಗಂತೂ ಬಹಳ ಘನವಾಗಿ ಕಂಡಿತು.

ನಾಲ್ಕು ದಿನಕ್ಕೆ ಆ ಕಡೆಯಿಂದ ಉತ್ತರ: ನೀವು ಬರಲಾಗದ್ದಕ್ಕೆ ವಿಷಾದಿಸುತ್ತೇವೆ, ನಿಮ್ಮ ಮಳಿಗೆಯನ್ನು ಬೇರೆಯವರಿಗೆ ಕೊಡುತ್ತಿದ್ದೇವೆ!

ಬರಲ್ಲ ಅಂತ ಯಾರು ಹೇಳಿದರು? ಎರಡು ದಿನ ಫೋನಿನಲ್ಲೇ ಕಳೆದೆ. ಮಳಿಗೆ ಹೇಗೋ ಉಳಿಯಿತು. ಆದರೆ ನನಗೆ ಕೆಲಸ ಕೊಡಿಸಿದ ಏಜೆನ್ಸಿಯವರು ಈಗ ನನ್ನ ಜೊತೆ ಮಾತಾಡುವ ಧಾಟಿಯೇ ಬೇರೆ. ಈಗ ಪತ್ರವನ್ನು ಮತ್ತೆ ಬರೆದು ಕಳಿಸಬೇಕು. ನನ್ನ ಪ್ರಶ್ನೆ ಇಷ್ಟೇ. ‘ಡಿಫಿಕಲ್ಟೀಸ್’ಗೆ ಯಾವ ಪದ ಸರಿ? ‘ಪೊಟೆನ್ಶಿಯಲ್’, ‘ಸರ್ಟನ್’, ‘ಮೇ’ ಮೂರನ್ನೂ ಇಟ್ಟುಕೊಳ್ಳಬೇಕಾ? ರಷ್ಯನ್ ಪದಗಳನ್ನು ಕನ್ನಡದಲ್ಲೇ ಬರೆಯಿರಿ, ಫೋನಿನಲ್ಲಿ ಆ ಲಿಪಿ ಎಲ್ಲರಿಗೂ ಕಾಣಲ್ಲ.

ಸುಮ್ನೆ ಓದೋನು

ಅಕ್ಕಾ, ಇಷ್ಟಕ್ಕೆ ಯಾಕೆ ತಲೆಬಿಸಿ? ಮೊಬೈಲಿನ ಅನುವಾದಕಕ್ಕೆ ಹಾಕಿದೆ, ಒಂದು ಸೆಕೆಂಡಿನಲ್ಲಿ ‘ಪೊತೆನ್‌ತ್ಸಿಯಾಲ್ನಿಯೆ ತ್ರೂದ್ನೊಸ್ತಿ’ ಅಂತ ಕೊಟ್ಟಿತು. ಅದನ್ನೇ ಹಾಕಿ ಬಿಡಿ. ನನಗೆ ರಷ್ಯನ್ ಬರಲ್ಲ, ಮೊದಲೇ ಹೇಳಿಬಿಡುತ್ತೇನೆ.

ಹಳೆ ದುಭಾಷಿ

ತಂಗಿ, ನಿನ್ನ ಕಥೆ ಓದಿ ನಗು ಬಂತು. ಬೇಜಾರಾಗಬೇಡ. ನಲವತ್ತೈದು ವರ್ಷದ ಹಿಂದೆ ನಾನು ಇದೇ ಪದದ ಮೇಲೆ ಜಾರಿ ಬಿದ್ದವನು, ಆದರೆ ಆ ಕಡೆಯಿಂದ ಈ ಕಡೆಗೆ.

ಸೋವಿಯತ್ ನೆರವಿನಿಂದ ಕಟ್ಟಿದ ಉಕ್ಕಿನ ಕಾರ್ಖಾನೆಯಲ್ಲಿ ದುಭಾಷಿ ಆಗಿದ್ದೆ. ಭಿಲಾಯಿ, ಬೊಕಾರೊ ಎರಡೂ ಅವರ ನೆರವಿನಿಂದಲೇ ಎದ್ದವು, ನಾನಿದ್ದದ್ದು ಎಲ್ಲಿ ಅನ್ನೋದು ಬೇಡ. ಒಂದು ದಿನ ನಮ್ಮ ಎಂಜಿನಿಯರ್ ‘ಶುಕ್ರವಾರದೊಳಗೆ ಈ ನಕ್ಷೆ ತಿದ್ದಿ ಕೊಡ್ತೀರಾ’ ಅಂತ ಕೇಳಿದರು. ರಷ್ಯನ್ ಎಂಜಿನಿಯರ್ ಕಿಟಕಿ ಕಡೆ ನೋಡಿ ‘ಎತೊ ಬೂದೆತ್ ಜತ್ರುದ್ನೀತೆಲ್ನೊ’ ಅಂದ. ನಾನು ‘ಕಷ್ಟ ಆಗುತ್ತೆ ಅಂತಾರೆ’ ಅಂತ ಹೇಳಿದೆ. ಅಕ್ಷರ ತಪ್ಪಿಲ್ಲ. ನಮ್ಮವರು ‘ಪಾಪ, ಕಷ್ಟಪಟ್ಟು ಮಾಡ್ತಾರೆ’ ಅಂತ ತಿಳಿದು ಶುಕ್ರವಾರದವರೆಗೂ ಕಾದರು. ಅವನು ಹೇಳಿದ್ದು ‘ಆಗಲ್ಲ’ ಅಂತ. ಆ ಶುಕ್ರವಾರ ನಾನು ತಿಂದ ಬೈಗುಳ ಇನ್ನೂ ನೆನಪಿದೆ.

ಯೋಚನೆ ಮಾಡಿ ನೋಡು, ನಮ್ಮೂರಲ್ಲೂ ಹಾಗೇ ಅಲ್ವಾ? ಮದುವೆಗೆ ಬರ್ರಿ ಅಂದಾಗ ‘ಸ್ವಲ್ಪ ಕಷ್ಟ ಆಗ್ತದ್ರಿ’ ಅಂದರೆ ಅವರ ಎಲೆ ಹಾಕೋದೇ ಬೇಡ. ಸಾಲ ಕೇಳಿದಾಗ ‘ಈ ತಿಂಗಳು ತ್ರಾಸ ಐತ್ರಿ’ ಅಂದರೆ ಮುಂದಿನ ತಿಂಗಳೂ ಇಲ್ಲ. ರಷ್ಯನ್ ಕಚೇರಿ ಭಾಷೆಯಲ್ಲಿ ‘ಜತ್ರುದ್ನೀತೆಲ್ನೊ’ ಇದೇ ಕೆಲಸ ಮಾಡುತ್ತೆ. ಅದರ ಅಣ್ಣ ಇನ್ನೊಂದಿದೆ, ‘ನೆ ಪ್ರೆದ್‌ಸ್ತವ್ಲ್ಯಾಯೆತ್ಸ್ಯಾ ವೊಜ್ಮೋಝ್ನಿಮ್’, ಸಾಧ್ಯವೆಂದು ತೋರುವುದಿಲ್ಲ ಅಂತ. ಅದು ಬಂದರೆ ಮುಗಿಯಿತು, ಬಾಗಿಲಿಗೆ ಚಿಲಕ. ನೀನು ಬರೆದದ್ದು ಆ ಚಿಲಕಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಅವರು ಓದಿದ್ದು ಸರಿಯಾಗೇ ಓದಿದ್ದಾರೆ.

ನಿನ್ನ ಇಂಗ್ಲಿಷ್ ಸಾಲು ನಿರಾಕರಣೆ ಅಲ್ಲ, ಎಚ್ಚರಿಕೆ. ‘ನಾವು ಬರ್ತೀವಿ, ಆದರೆ ದಾರಿಯಲ್ಲಿ ತೊಡಕು ಬಂದೀತು, ಆಮೇಲೆ ಹೇಳಲಿಲ್ಲ ಅನ್ನಬೇಡಿ’ ಅಂತ. ಹಾಗಾಗಿ ಕೆಲಸವೇ ಕಷ್ಟ ಅಂತ ಬರೆಯಬಾರದು. ಕೆಲಸ ನಡೆಯುತ್ತಿರುವಾಗ ತೊಡಕು ಹುಟ್ಟಬಹುದು ಅಂತ ಬರೆಯಬೇಕು. ಕ್ರಿಯಾಪದ ‘ವೊಜ್ನೀಕ್ನುತ್’, ಅಂದರೆ ಹುಟ್ಟು, ತಲೆದೋರು. ‘ಮೋಗುತ್ ವೊಜ್ನೀಕ್ನುತ್ ಜತ್ರುದ್ನೇನಿಯಾ’, ತೊಡಕುಗಳು ತಲೆದೋರಬಹುದು. ಪದದ ಬೇರು ಅದೇ. ಆದರೆ ‘ಜತ್ರುದ್ನೀತೆಲ್ನಿಮ್’ ಅಂದಾಗ ಬಾಗಿಲು ಮುಚ್ಚುತ್ತೆ, ‘ಜತ್ರುದ್ನೇನಿಯಾ’ ಹುಟ್ಟಬಹುದು ಅಂದಾಗ ಬಾಗಿಲು ತೆರೆದೇ ಇರುತ್ತೆ.

ಯಂತ್ರ ಕೊಟ್ಟ ‘ಪೊತೆನ್‌ತ್ಸಿಯಾಲ್ನಿಯೆ ತ್ರೂದ್ನೊಸ್ತಿ’ ತಪ್ಪು ಅಂತ ನಾನು ಹೇಳಲ್ಲ, ರಷ್ಯನ್ನರೂ ಹಾಗೆ ಬರೀತಾರೆ. ಆದರೆ ಅದರ ಹಿಂದೆ ‘ಮೋಗುತ್’ ಕೂಡ ಇಟ್ಟರೆ, ಬರಬಹುದಾದಂತಹ ತೊಡಕುಗಳು ಬರಬಹುದು ಅಂದ ಹಾಗೆ. ಇಂಗ್ಲಿಷಿನವರಿಗೆ ಮೂರು ಮೂರು ಸಲ ಮೆತ್ತಗೆ ಮಾಡೋ ಚಟ: ಸರ್ಟನ್, ಪೊಟೆನ್ಶಿಯಲ್, ಮೇ. ರಷ್ಯನ್‌ನಲ್ಲಿ ‘ಪೊಟೆನ್ಶಿಯಲ್’, ‘ಮೇ’ ಎರಡರಲ್ಲಿ ಒಂದು ಸಾಕು. ‘ಸರ್ಟನ್’ ಬೇಕಾದರೆ ಉಳಿಸಿಕೋ, ‘ಒಪ್ರೆದೆಲ್ಯೋನ್ನಿಯೆ’. ಮೂಲ ಅರ್ಥ ‘ನಿರ್ದಿಷ್ಟ’ ಅಂತ, ಬಳಕೆಯಲ್ಲಿ ಮಾತ್ರ ‘ಯಾವುದು ಅಂತ ಈಗಲೇ ಕೇಳಬೇಡಿ’ ಅನ್ನೋದೇ ಅದರ ಕೆಲಸ.

ಬಿಸಿಲೂರು

ಕಾಕಾ, ಮದುವೆ ಎಲೆಯ ಮಾತು ತಲೆಗೆ ಹೊಡೆದ ಹಾಗೆ ಆಯಿತು. ನಮ್ಮ ಮನೆಯಲ್ಲೇ ದಿನಾ ಕೇಳೋ ಮಾತು, ಅದನ್ನೇ ರಷ್ಯನ್‌ನಲ್ಲಿ ಗುರುತಿಸಲಿಲ್ಲ ನೋಡಿ.

ಇನ್ನೊಂದು ಡೌಟು. ಕ್ಲಾಸಿನಲ್ಲಿ ನಮಗೆ ತ್ರೂದ್ನೊಸ್ತಿ, ಜತ್ರುದ್ನೇನಿಯಾ, ಸ್ಲೋಝ್ನೊಸ್ತಿ, ಒಸ್ಲೊಝ್ನೇನಿಯಾ, ಪ್ರೊಬ್ಲೇಮಿ ಎಲ್ಲಕ್ಕೂ ‘ಡಿಫಿಕಲ್ಟೀಸ್’ ಅಂತಲೇ ಬರೆಸಿದ್ದರು. ಐದು ಪದಕ್ಕೆ ಒಂದೇ ಇಂಗ್ಲಿಷ್. ಇವುಗಳಲ್ಲಿ ಆರಿಸೋದು ಹೇಗೆ?

ಯಾದಗಿರಿ ಡಾಕ್ಟರ್

ನಾನು ಅನುವಾದಕ ಅಲ್ಲ. ಆರು ವರ್ಷ ರಷ್ಯಾದಲ್ಲಿ ಮೆಡಿಕಲ್ ಓದಿ ಈಗ ಯಾದಗಿರಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ವಾರ್ಡಿನಲ್ಲಿ ಕಲಿತ ರಷ್ಯನ್ ನನ್ನದು. ಆದರೂ ಈ ಐದು ಪದಗಳಲ್ಲಿ ಒಂದರ ಬಗ್ಗೆ ಗಟ್ಟಿಯಾಗಿ ಹೇಳಬಲ್ಲೆ. ಒಸ್ಲೊಝ್ನೇನಿಯಾ ಹಾಕಬೇಡಿ. ಅದು ನಮ್ಮ ಪದ. ಫ್ಲೂ ಬಂದು ಹೋಯಿತು ಅನ್ನುವಾಗ ನ್ಯುಮೋನಿಯಾ ಹಿಡಿದರೆ ಅದು ಒಸ್ಲೊಝ್ನೇನಿಯೆ. ಇದ್ದ ಕಾಯಿಲೆ ಬಿಗಡಾಯಿಸೋದು. ಎರಡು ದೇಶಗಳ ಸಂಬಂಧದ ಬಗ್ಗೆ ಈ ಪದ ಬಂದರೂ ಅದೇ, ಸಂಬಂಧ ಕೆಡುತ್ತಿದೆ ಅಂತ. ಹೂಜಿ ಕಳಿಸೋ ವಿಷಯದಲ್ಲಿ ಆ ಪದ ಕಂಡರೆ ಓದಿದವನು ‘ಏನು ಜಗಳ ಆಯಿತು ಇವರಿಗೆ’ ಅಂತ ಕೇಳಿಯಾನು.

ಉಳಿದವಕ್ಕೆ ನಾನು ಹಾಸ್ಟೆಲಿನಲ್ಲಿ ಮಾಡಿಕೊಂಡ ಕನ್ನಡ ಲೆಕ್ಕ ಇದು, ಪಂಡಿತರು ತಿದ್ದಲಿ. ತ್ರೂದ್ನೊಸ್ತಿ ಅಂದರೆ ಕಷ್ಟ. ‘ತ್ರೂದ್’ ಅಂದರೆ ದುಡಿಮೆ, ಮೈ ಬಗ್ಗಿಸಬೇಕಾದದ್ದು. ಜತ್ರುದ್ನೇನಿಯೆ ಅಂದರೆ ತೊಡಕು, ನಡೆಯೋ ಕೆಲಸಕ್ಕೆ ಕಾಲಿಗೆ ಸಿಕ್ಕಿಕೊಳ್ಳೋದು. ಸ್ಲೋಝ್ನೊಸ್ತಿ ಅಂದರೆ ಗೋಜಲು. ‘ಸ್ಲೋಝ್ನಿಯ್’ ಅಂದರೆ ಹಲವು ಸೇರಿ ಆದದ್ದು, ವ್ಯಾಕರಣದಲ್ಲಿ ಸಮಾಸ ಪದಕ್ಕೂ ಅದನ್ನೇ ಅನ್ನುತ್ತಾರೆ. ಪ್ರೊಬ್ಲೇಮಾ ಅಂದರೆ ಸಮಸ್ಯೆ, ಅದಾಗಲೇ ಬಂದು ಮನೆಯಲ್ಲಿ ಕೂತಿದೆ. ‘ಪ್ರೊಬ್ಲೇಮಿ’ ಅಂತ ಬರೆದರೆ ನಿಮ್ಮ ಕಾಗದದಲ್ಲಿ ಏನೋ ಲೋಪ ಇದೆ ಅಂತಲೇ ಅನ್ನಿಸುತ್ತೆ. ಇನ್ನೊಂದು ಪದವೂ ಇದೆ, ಪ್ರೆಪ್ಯಾತ್‌ಸ್ತ್ವಿಯೆ, ಅಡ್ಡಿ. ಅದನ್ನಂತೂ ಮುಟ್ಟಬೇಡಿ. ಅಡ್ಡಿ ಅಂದ ತಕ್ಷಣ ಯಾರು ಅಡ್ಡಿ ಮಾಡಿದರು ಅನ್ನೋ ಪ್ರಶ್ನೆ ಹಿಂದೆಯೇ ಬರುತ್ತೆ.

ಅಂದ ಹಾಗೆ, ಇಂಗ್ಲಿಷಿನಲ್ಲಿ ‘ಡಿಫಿಕಲ್ಟೀಸ್’ ಬದಲು ‘ಚಾಲೆಂಜಸ್’ ಇದ್ದಿದ್ದರೆ ‘ವೀಜೊವಿ’ ಅಂತ ಹಾಕುವ ಆಸೆ ಆಗುತ್ತಿತ್ತು ನಿಮಗೆ. ಈಗ ಅದು ದೊಡ್ಡ ವಿಷಯಗಳಿಗೆ ಸಲ್ಲುವ ಪದ. ಅವರ ವಿದೇಶಾಂಗ ಸಚಿವಾಲಯದಲ್ಲಿ ‘ಹೊಸ ಸವಾಲು ಮತ್ತು ಬೆದರಿಕೆ’ಗಳಿಗೇ ಒಂದು ವಿಭಾಗ ಇದೆ, ಭಯೋತ್ಪಾದನೆಯಂಥದ್ದನ್ನು ನೋಡಿಕೊಳ್ಳೋದು. ನಮಗೆ ಆಸ್ಪತ್ರೆಯಲ್ಲಿ ‘ವೀಜೊವ್’ ಅಂದರೆ ರಾತ್ರಿ ಎರಡಕ್ಕೆ ರೋಗಿಯ ಮನೆಯಿಂದ ಬರೋ ಕರೆ. ಎರಡಕ್ಕೂ ಎದ್ದು ಓಡಬೇಕು ಬಿಡಿ.

ಇಂಥ ಕಚೇರಿ ಭಾಷೆಯನ್ನು ರಷ್ಯನ್ನರೇ ಕಾಯಿಲೆ ಅಂತ ಕರೆದಿದ್ದಾರೆ, ಗೊತ್ತಾ? ಮಕ್ಕಳ ಪದ್ಯಗಳಿಗೆ ಹೆಸರಾದ ಕೊರ್ನೆಯ್ ಚುಕೋವ್‌ಸ್ಕಿ 1960ರ ದಶಕದಲ್ಲಿ ಅದಕ್ಕೆ ‘ಕಂತ್ಸೆಲ್ಯಾರಿತ್’ ಅಂತ ಹೆಸರಿಟ್ಟ. ಗ್ಯಾಸ್ಟ್ರೈಟಿಸ್, ಬ್ರಾಂಕೈಟಿಸ್ ಇದ್ದ ಹಾಗೆ ಕಚೇರಿಯೈಟಿಸ್. ಲಕ್ಷಣ ಏನಪ್ಪಾ ಅಂದರೆ ಕ್ರಿಯಾಪದ ಸತ್ತು ನಾಮಪದಗಳು ಒಂದರ ಬಾಲ ಒಂದು ಹಿಡಿದು ಸಾಲಾಗಿ ಬರೋದು. ‘ತೊಡಕು ಬಂದರೆ’ ಅನ್ನೋದು ‘ತೊಡಕುಗಳ ಉದ್ಭವದ ಸಂದರ್ಭದಲ್ಲಿ’ ಆಗುತ್ತೆ.

ಹಳೆ ದುಭಾಷಿ

ಡಾಕ್ಟರೇ, ಪಂಡಿತರು ತಿದ್ದಬೇಕಾದದ್ದು ಏನೂ ಇಲ್ಲ. ಆದರೆ ರಾಯಭಾರ ಪತ್ರಕ್ಕೆ ಆ ಕಾಯಿಲೆ ಸ್ವಲ್ಪ ಬೇಕೇ ಬೇಕು. ‘ವ್ ಸ್ಲೂಚಯೆ ವೊಜ್ನಿಕ್ನೊವೇನಿಯಾ ಜತ್ರುದ್ನೇನಿಯ್’, ನೀವು ಹೇಳಿದ ಅದೇ ‘ತೊಡಕುಗಳ ಉದ್ಭವದ ಸಂದರ್ಭದಲ್ಲಿ’. ಇಂಗ್ಲಿಷಿನ ‘ಷುಡ್ ಎನಿ ಡಿಫಿಕಲ್ಟಿ ಅರೈಸ್’ಗೆ ಅದೇ ಜೋಡಿ. ಅಲ್ಲಿ ‘ಯೇಸ್ಲಿ’, ಅಂದರೆ ಬರೀ ‘ಆದರೆ, ಬಂದರೆ’ ಅನ್ನೋ ‘ಇಫ್’, ಹಾಕಿ ಸರಳ ಮಾಡಿದರೆ ಮನೆಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತೆ. ಪಂಚೆ ಉಟ್ಟು ಕೋರ್ಟಿಗೆ ಹೋದ ವಕೀಲನ ಹಾಗೆ. ಪಂಚೆ ತಪ್ಪಲ್ಲ, ಜಾಗ ಅದಲ್ಲ.

ಚೌಬಾರಾ (ಬೀದರ್)

ಬಿದ್ರಿ ಹೆಸರು ಬಂದ ಮೇಲೆ ಬೀದರ್‌ನವನು ಸುಮ್ನೆ ಇರೋಕೆ ಆಗುತ್ತಾ?

ನನಗೆ ರಷ್ಯನ್ ಅಷ್ಟಕ್ಕಷ್ಟೇ, ಓದಲು ಬರುತ್ತೆ, ಮಾತಾಡಲು ನಾಲಿಗೆ ಹೊರಳಲ್ಲ. ಕಲಿತದ್ದು ಒಬ್ಬನಿಗೋಸ್ಕರ, ಅಫನಾಸಿ ನಿಕಿತಿನ್. ತ್ವೇರ್ ಊರಿನ ವ್ಯಾಪಾರಿ. 1470ರ ಸುಮಾರಿಗೆ ನಮ್ಮ ಬೀದರ್‌ಗೆ ಬಂದಿದ್ದ, ಬಹಮನಿಗಳ ಕಾಲ, ಮಹಮೂದ್ ಗಾವಾನ್ ವಜೀರನಾಗಿದ್ದಾಗ. ಹಡಗಿನಲ್ಲಿ ಒಂದು ಕುದುರೆ ತಂದು, ವರ್ಷ ಸಾಕಿ, ಕೊನೆಗೆ ಬೀದರ್‌ನಲ್ಲೇ ಮಾರಿದ. ಆಳಂದದ ಜಾತ್ರೆಯಲ್ಲಿ ಕುದುರೆ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತಲೂ ಬರೆದಿಟ್ಟಿದ್ದಾನೆ. ಅಂದರೆ ರಷ್ಯನ್ ಭಾಷೆಗೆ ನಮ್ಮ ಭಾಗ ಹೊಸದಲ್ಲ, ಐನೂರೈವತ್ತು ವರ್ಷದ ಪರಿಚಯ.

ಯಾಕೆ ಹೇಳಿದೆ ಅಂದರೆ, ಅವನೂ ‘ಸಂಭಾವ್ಯ ತೊಡಕು’ಗಳ ಬಗ್ಗೆಯೇ ಬರೆದಿದ್ದಾನೆ. ಧಾಟಿ ನೋಡಿ. ಇಲ್ಲಿ ಸರಕು ಬೇಕಾದಷ್ಟಿದೆ ಅಂತ ಸುಳ್ಳು ಹೇಳಿ ಕರೆತಂದರು, ನಮ್ಮ ದೇಶಕ್ಕೆ ಬೇಕಾದದ್ದು ಏನೂ ಇಲ್ಲ. ಮೆಣಸು, ಬಣ್ಣ ಅಗ್ಗ. ಆದರೆ ಸುಂಕ ಜಾಸ್ತಿ, ಸಮುದ್ರದಲ್ಲಿ ಕಳ್ಳರು ಬಹಳ. ಮುಗಿಯಿತು, ಇಷ್ಟೇ! ಇದನ್ನೇ ಇವತ್ತು ಯಾವುದಾದರೂ ಸಚಿವಾಲಯಕ್ಕೆ ಕೊಟ್ಟರೆ ಹೇಗೆ ಬರೆದಾರು? ‘ಸಾಗರ ಮಾರ್ಗದಲ್ಲಿ ಸರಕು ಸಾಗಣೆಯ ಸುರಕ್ಷತೆಗೆ ಸಂಬಂಧಿಸಿದಂತೆ ಹಾಗೂ ಅನ್ವಯವಾಗುವ ಸುಂಕಗಳ ಪ್ರಮಾಣಕ್ಕೆ ಸಂಬಂಧಿಸಿದಂತೆ ಕೆಲವು ತೊಡಕುಗಳು ತಲೆದೋರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.’ ಕಳ್ಳ ಎಲ್ಲಿ ಹೋದ? ಮಾಯ.

ಆದರೆ ಆ ಮನುಷ್ಯನೂ ಪೂರ್ತಿ ನೇರ ಅಲ್ಲ. ಕೆಲವು ಕಡೆ, ಹೇಳಲು ಮುಜುಗರ ಆಗೋ ವಿಷಯ ಬಂದಾಗ, ರಷ್ಯನ್ ಬಿಟ್ಟು ತುರ್ಕಿ, ಪಾರ್ಸಿ, ಅರಬ್ಬಿ ಕಲಸಿದ ಬಜಾರ್ ಭಾಷೆಗೆ ಜಾರುತ್ತಾನೆ, ಲಿಪಿ ಮಾತ್ರ ರಷ್ಯನ್. ನಮ್ಮಲ್ಲಿ ದೊಡ್ಡವರು ಮಕ್ಕಳ ಮುಂದೆ ದಖನಿಗೆ ತಿರುಗೋದಿಲ್ವಾ, ಹಾಗೆ.

ಒಂದು ಪದ ನನ್ನ ಕಡೆಯಿಂದಲೂ ಇರಲಿ. ರಷ್ಯನ್ ಕಾಗದಗಳಲ್ಲಿ ‘ಸೊಪ್ರ್ಯಝೆನೊ ಸ್ ತ್ರೂದ್ನೊಸ್ತ್ಯಾಮಿ’ ಅಂತ ನೋಡಿದ್ದೇನೆ. ಇಂಥ ಕೆಲಸ ಕಷ್ಟಗಳೊಂದಿಗೆ ‘ಜೋಡಿಸಲ್ಪಟ್ಟಿದೆ’ ಅಂತ. ಬೇರು ಹುಡುಕಿದರೆ ಅದು ನೊಗಕ್ಕೆ ಹೂಡೋದು! ಕೆಲಸ ಒಂದು ಎತ್ತು, ಕಷ್ಟ ಇನ್ನೊಂದು ಎತ್ತು. ಗಂಡ ಹೆಂಡತಿಗೆ ಅವರು ಅನ್ನೋ ‘ಸುಪ್ರೂಗಿ’ ಪದಕ್ಕೂ ಅದೇ ಬೇರು. ನಮ್ಮ ಅಪ್ಪನಿಗೆ ಹೇಳಿದೆ, ‘ಸರಿಯಾಗೇ ಇದೆ’ ಅಂತ ಅವ್ವನ ಕಡೆ ನೋಡಿ ನಕ್ಕರು. ಇದನ್ನು ಅಕ್ಕಾರ ಪತ್ರದಲ್ಲಿ ಹಾಕಬಹುದಾ ಕಾಕಾ?

ಹಳೆ ದುಭಾಷಿ

ಹಾಕಬಹುದು, ಆದರೆ ಅದು ಕಷ್ಟ ಇದ್ದೇ ಇದೆ ಅಂತ ಒಪ್ಪಿಕೊಂಡ ಹಾಗೆ. ‘ಮೋಝೆತ್ ಬೀತ್’ ಸೇರಿಸಿ ‘ಹೂಡಲ್ಪಟ್ಟಿರಬಹುದು’ ಅಂತ ಮಾಡಬೇಕಾಗುತ್ತೆ. ಈ ಪತ್ರಕ್ಕೆ ಭಾರ ಜಾಸ್ತಿ. ನೊಗದ ಮಾತು ಮಾತ್ರ ಚೆನ್ನಾಗಿದೆ, ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ತಂಗಿ, ಇನ್ನು ಎರಡು ಸಣ್ಣ ವಿಷಯ. ಒಂದು, ‘ವೊಜ್ನೀಕ್ನುತ್’ ಮತ್ತು ‘ವೊಜ್ನಿಕಾತ್’ ಎರಡೂ ಇವೆ, ನಿನಗೆ ಗೊತ್ತೇ ಇದೆ. ಮೊದಲನೆಯದು ಒಂದು ಸಲ ಆಗೋದು, ಎರಡನೆಯದು ಆಗಾಗ ಆಗೋದು. ‘ಮೋಗುತ್ ವೊಜ್ನಿಕಾತ್’ ಅಂತ ಬರೆದರೆ ನಿಮ್ಮ ಕಡೆ ತೊಡಕು ದಿನನಿತ್ಯದ ವ್ಯವಹಾರ ಅನ್ನೋ ಅರ್ಥ ಬರುತ್ತೆ. ಕನ್ನಡದಲ್ಲಿ ‘ತೊಡಕು ಬಂದೀತು’ ಮತ್ತು ‘ತೊಡಕು ಬರ್ತಾ ಇರಬಹುದು’, ಅಷ್ಟೇ ವ್ಯತ್ಯಾಸ. ನಿನಗೆ ಬೇಕಾದದ್ದು ‘ಬಂದೀತು’.

ಎರಡು, ‘ವೊಜ್ಮೋಝ್ನಿಯೆ’ ಬದಲು ‘ವೆರೊಯಾತ್ನಿಯೆ’ ಹಾಕಬೇಡ. ಮೊದಲನೆಯದು ಆಗಬಹುದಾದದ್ದು, ಎರಡನೆಯದು ಆಗೋ ಲಕ್ಷಣ ಜಾಸ್ತಿ ಇರೋದು. ಮೋಡ ಇದೆ ಅನ್ನೋದಕ್ಕೂ ಮೋಡ ಕಪ್ಪಾಗಿದೆ ಅನ್ನೋದಕ್ಕೂ ಇರೋ ಅಂತರ. ತೊಗರಿ ರಾಶಿ ಕಣದಲ್ಲಿ ಇದ್ದಾಗ ಈ ಅಂತರ ಏನು ಅಂತ ನಮ್ಮೂರವರಿಗೆ ಹೇಳಬೇಕಾಗಿಲ್ಲ.

ಮೂರನೆಯದೂ ನೆನಪಾಯಿತು. ಇದು ‘ನೋಟ್ ವರ್ಬಲ್’, ಅಂದರೆ ರಾಯಭಾರ ಕಚೇರಿಗಳ ನಡುವೆ ಓಡಾಡೋ ಔಪಚಾರಿಕ ಪತ್ರ, ಆಗಿದ್ದರೆ ಪೂರ್ತಿ ಮೂರನೇ ವ್ಯಕ್ತಿಯಲ್ಲಿ ಇರಬೇಕು, ‘ನಾವು’ ಎಲ್ಲೂ ಬರಬಾರದು. ತಲೆ ಬಾಲ ಎರಡೂ ಅಚ್ಚಿನ ಮಾತು. ಶುರುವಿಗೆ ‘ಸ್ವಿದೇತೆಲ್ಸ್‌ತ್ವುಯೆತ್ ಸ್ವೊಯೋ ಉವಝೇನಿಯೆ’, ತನ್ನ ಗೌರವವನ್ನು ಸಲ್ಲಿಸುತ್ತದೆ ಅಂತ. ಕೊನೆಗೆ ಅತಿ ಉನ್ನತ ಗೌರವದ ಭರವಸೆಯನ್ನು ಮತ್ತೆ ನವೀಕರಿಸುತ್ತದೆ ಅಂತ. ಎಷ್ಟು ಸಿಟ್ಟು ಬಂದಿದ್ದರೂ ಅದು ಇರುತ್ತೆ. ಅದನ್ನು ನೀನು ಹೊಸದಾಗಿ ಅನುವಾದ ಮಾಡಲು ಹೋಗಬೇಡ, ಇದ್ದ ಹಾಗೆ ಎತ್ತಿ ಇಡು.

ಸುಮ್ನೆ ಓದೋನು

ಸರಿ, ಯಂತ್ರದ ಮಾತು ವಾಪಸ್ ತಗೊಂಡೆ. ಆದರೆ ಒಂದು ಪದ ಹೆಚ್ಚು ಕಡಿಮೆ ಆದರೆ ಇಷ್ಟೆಲ್ಲ ಆಗುತ್ತಾ ಖರೇನೇ? ಬಿದ್ರಿ ಹೂಜಿ ಸರಿ, ದೊಡ್ಡ ಸರ್ಕಾರಗಳಲ್ಲಿ ಹತ್ತು ಜನ ಓದಿ ನೋಡ್ತಾರಲ್ವಾ?

ಚೌಬಾರಾ (ಬೀದರ್)

ಹತ್ತು ಜನ ಓದಿದರೂ ಆಗುತ್ತೆ ಸ್ವಾಮಿ. 2009ರ ಮಾರ್ಚ್ 6, ಜಿನೀವಾ. ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಹಿಲರಿ ಕ್ಲಿಂಟನ್ ರಷ್ಯಾದ ವಿದೇಶಾಂಗ ಮಂತ್ರಿ ಲಾವ್ರೋವ್ ಕೈಗೆ ಒಂದು ಕೆಂಪು ಗುಂಡಿ ಕೊಟ್ಟರು. ಸಂಬಂಧವನ್ನು ‘ರೀಸೆಟ್’ ಮಾಡೋಣ ಅಂತ ತಮಾಷೆಯ ಉಡುಗೊರೆ. ಅದರ ಮೇಲೆ ‘ಪೆರೆಜಗ್ರೂಜ್ಕಾ’ ಅಂತ ಇರಬೇಕಿತ್ತು. ‘ಪೆರೆಗ್ರೂಜ್ಕಾ’ ಅಂತ ಬರೆಸಿದ್ದರು. ನಡುವೆ ಒಂದು ‘ಜ’ ಬಿಟ್ಟು ಹೋಗಿದೆ, ಅರ್ಥ ‘ಓವರ್‌ಲೋಡ್’. ಶಹಾಬಾದ್ ಕಲ್ಲು ತುಂಬಿದ ಲಾರಿ ಹಿಂದೆ ಬರೆಸಬೇಕಾದದ್ದು. ಲಾವ್ರೋವ್ ಕ್ಯಾಮೆರಾ ಮುಂದೆಯೇ ತಪ್ಪಾಗಿದೆ ಅಂದರು, ಎಲ್ಲರೂ ನಕ್ಕರು. ಅಲ್ಲಿ ನಗು, ಇಲ್ಲಿ ಅಕ್ಕನಿಗೆ ಎರಡು ದಿನ ಫೋನು.

ಹಳೆ ದುಭಾಷಿ

ಅದು ಕೈ ತಪ್ಪು. ನನಗೆ ಅದಕ್ಕಿಂತ ಕಾಡೋದು ತಪ್ಪೇ ಇಲ್ಲದ ಅನುವಾದ. 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಮಾಡಿತು. ಇತ್ತೀಚಿನ ಸಂಘರ್ಷದಲ್ಲಿ ವಶಪಡಿಸಿಕೊಂಡ ಪ್ರದೇಶಗಳಿಂದ ಇಸ್ರೇಲಿನ ಪಡೆಗಳು ಹಿಂದೆ ಸರಿಯಬೇಕು ಅಂತ. ಇಂಗ್ಲಿಷಿನಲ್ಲಿ ‘ಟೆರಿಟರೀಸ್’ ಹಿಂದೆ ‘ದ’ ಇಲ್ಲ. ಫ್ರೆಂಚಿನಲ್ಲಿ ‘ದೆ ತೆರಿತ್ವಾರ್’ ಅಂತ ಇದೆ, ಅದು ‘ಆ ಎಲ್ಲ ಪ್ರದೇಶಗಳು’ ಅಂತಲೂ ಓದಿಸಿಕೊಳ್ಳುತ್ತೆ. ಕೆಲವು ಪ್ರದೇಶವೋ, ಎಲ್ಲ ಪ್ರದೇಶವೋ? ಇಷ್ಟು ವರ್ಷವಾದರೂ ಜಗಳ ನಿಂತಿಲ್ಲ. ರಷ್ಯನ್‌ಗೆ ‘ದ’ ಅನ್ನೋದೇ ಇಲ್ಲ. ನಮ್ಮ ಕನ್ನಡಕ್ಕೂ ಇಲ್ಲ. ಅಲ್ಲಿ ‘ಸ್ ತೆರ್ರಿತೋರಿಯ್’ ಅಂತ ಬರೆದು ಕೈ ತೊಳೆದುಕೊಂಡರು, ನಾವು ಬರೆದರೂ ‘ಪ್ರದೇಶಗಳಿಂದ’ ಅಂತಲೇ ಬರೆಯುತ್ತಿದ್ದೆವು. ಅನುವಾದಕ ಅಲ್ಲಿ ಏನು ಮಾಡಿಯಾನು? ತಾನಾಗಿ ‘ಎಲ್ಲ’ ಅಂತ ಸೇರಿಸಿದರೆ ಕುತ್ತಿಗೆಗೆ ಬರುತ್ತೆ, ‘ಕೆಲವು’ ಅಂತ ಸೇರಿಸಿದರೂ ಬರುತ್ತೆ.

ಬೇಕು ಅಂತಲೇ ಮಸುಕಾಗಿ ಬರೆದದ್ದನ್ನು ನಾವು ಒರೆಸಿ ಹೊಳಪು ಮಾಡಬಾರದು. ‘ಸರ್ಟನ್ ಡಿಫಿಕಲ್ಟೀಸ್’ ಅಂದವನಿಗೆ ಯಾವ ತೊಡಕು ಅಂತ ಗೊತ್ತಿರುತ್ತೆ, ಹೇಳಲು ಇಷ್ಟ ಇರಲ್ಲ. ತಂಗಿ, ನಿನ್ನ ಏಜೆನ್ಸಿಯವರಿಗೆ ಒಂದು ಸಲ ಫೋನ್ ಮಾಡಿ ಕೇಳು, ನಿಜವಾಗಿ ಏನು ತೊಡಕು, ಆ ಕಡೆಯವರಿಂದ ಏನಾದರೂ ಆಗಬೇಕಾ ಅಂತ. ಅದನ್ನು ಬರೆಯೋದಕ್ಕಲ್ಲ, ನಿನಗೆ ಗೊತ್ತಿರಲಿ ಅಂತ. ಗೊತ್ತಿದ್ದವನ ಮಸುಕು ಬೇರೆ, ಗೊತ್ತಿಲ್ಲದವನ ಮಸುಕು ಬೇರೆ. ಓದೋರಿಗೆ ತಿಳಿದುಬಿಡುತ್ತೆ.

ವಿಶ್ವಸಂಸ್ಥೆಯ ಕಾಗದಗಳನ್ನೂ ನೋಡು. ಒಂದೇ ದಾಖಲೆ ಇಂಗ್ಲಿಷ್, ರಷ್ಯನ್ ಎರಡರಲ್ಲೂ ಪುಕ್ಕಟೆ ಸಿಗುತ್ತೆ. ಪಕ್ಕ ಪಕ್ಕ ಇಟ್ಟು ಓದಿದರೆ ‘ಡಿಫಿಕಲ್ಟೀಸ್’ ಎಲ್ಲಿ ತ್ರೂದ್ನೊಸ್ತಿ ಆಯಿತು, ಎಲ್ಲಿ ಜತ್ರುದ್ನೇನಿಯಾ ಆಯಿತು ಅಂತ ಕಾಣುತ್ತೆ. ‘ಯುಎನ್‌ಟರ್ಮ್’ ಅನ್ನೋ ಅವರ ಪದಕೋಶವೂ ಇದೆ. ನಮ್ಮ ಕಾಲದಲ್ಲಿ ಇದೆಲ್ಲ ಇದ್ದಿದ್ದರೆ ಆ ಶುಕ್ರವಾರ ತಪ್ಪುತ್ತಿತ್ತೋ ಏನೋ.

ಯಾದಗಿರಿ ಡಾಕ್ಟರ್

ಒಂದು ಮಾತು ಸೇರಿಸುತ್ತೇನೆ. ಕಳಿಸುವ ಮುಂಚೆ ಒಬ್ಬ ಹುಟ್ಟು ರಷ್ಯನ್‌ಗೆ ಓದಿಸಿ, ಸ್ನೇಹಿತರಾದರೂ ಸರಿ. ನಾನು ಈಗಲೂ ನನ್ನ ಹಳೆಯ ರೂಮ್‌ಮೇಟ್‌ಗೆ ಕೇಳುತ್ತೇನೆ. ‘ತಪ್ಪಿದೆಯಾ’ ಅಂತ ಕೇಳಬೇಡಿ, ಇಲ್ಲ ಅಂತಾರೆ. ‘ಇದನ್ನು ಓದಿದ ಮೇಲೆ ನೀನು ಏನು ಮಾಡ್ತೀಯಾ’ ಅಂತ ಕೇಳಿ.

ಬಿಸಿಲೂರು

ಏಜೆನ್ಸಿಗೆ ಫೋನ್ ಮಾಡಿದೆ. ಮೊದಲು ‘ನಿಮಗೆ ಅದೆಲ್ಲ ಯಾಕೆ ಮೇಡಂ’ ಅಂದರು. ಆಮೇಲೆ ಹೇಳಿದರು. ಸಾಮಾನಿನಲ್ಲಿ ಬೆಳ್ಳಿ ಎಷ್ಟಿದೆ ಅಂತ ಒಂದೊಂದಕ್ಕೂ ಬರೆದುಕೊಡಬೇಕು, ಆ ಕಾಗದ ಬೇಗ ಕೈಗೆ ಬರಲ್ಲ. ಅಷ್ಟೇ ವಿಷಯ. ನಿಲ್ಲಿಸೋ ಯೋಚನೆ ಯಾರಿಗೂ ಇಲ್ಲ. ಒಂದು ವಾರ ಹೆಚ್ಚು ಟೈಮ್ ಬೇಕಾದೀತು ಅಂತ ಆ ಕಡೆಯವರು ತಿಳಿದುಕೊಂಡಿದ್ದರೆ ಸಾಕು.

ಇದು ಗೊತ್ತಾದ ಮೇಲೆ ಸಾಲು ತಾನಾಗೇ ಬಂತು. ಮೊದಲು ಕನ್ನಡದಲ್ಲಿ ಬರೆದುಕೊಂಡೆ: ‘ಕಾಗದಪತ್ರ ಮಾಡಿಸುವಾಗ ಕೆಲವು ತೊಡಕು ಬಂದಾವು, ಅದರಿಂದ ದಿನ ಹೆಚ್ಚು ಕಡಿಮೆ ಆದೀತು.’ ರಷ್ಯನ್‌ನಲ್ಲಿ:

‘ವ್ ಹೋದೆ ಒಫೊರ್ಮ್ಲೇನಿಯಾ ದೊಕುಮೇಂತೊವ್ ಮೋಗುತ್ ವೊಜ್ನೀಕ್ನುತ್ ಒಪ್ರೆದೆಲ್ಯೋನ್ನಿಯೆ ಜತ್ರುದ್ನೇನಿಯಾ, ಸ್ಪೊಸೋಬ್ನಿಯೆ ಪೊವ್ಲಿಯಾತ್ ನ ಸ್ರೋಕಿ.’

‘ಪೊಟೆನ್ಶಿಯಲ್’ ಬಿಟ್ಟೆ, ‘ಮೋಗುತ್’ ಆ ಕೆಲಸ ಮಾಡುತ್ತೆ. ‘ಟೈಮ್ಲಿ’ ಅನ್ನೋದನ್ನು ಕೊನೆಗೆ ಸರಿಸಿ ‘ದಿನಾಂಕದ ಮೇಲೆ ಪರಿಣಾಮ ಆಗಬಹುದಾದ’ ಅಂತ ಮಾಡಿದೆ. ಇದು ಮೂಲಕ್ಕೆ ಮೋಸ ಆಯಿತಾ ಕಾಕಾ?

ಹಳೆ ದುಭಾಷಿ

ಇಲ್ಲ. ಕೆಲಸ ಮುಗಿಯಲ್ಲ ಅಂತ ಓದಿಕೊಳ್ಳಲು ಈಗ ಜಾಗವೇ ಇಲ್ಲ. ಕಳಿಸು.

ಬಿಸಿಲೂರು

ಕೇಳಿದವರಿಗೆಲ್ಲ: ಕಳಿಸಿದೆ, ಉತ್ತರವೂ ಬಂತು. ಇಫ್ಲು ಕಾಲದ ಪರಿಚಯದ ಒಬ್ಬ ರಷ್ಯನ್ ಗೆಳತಿಗೆ ಮೊದಲು ಓದಿಸಿ, ಡಾಕ್ಟರ್ ಹೇಳಿದ ಪ್ರಶ್ನೆಯನ್ನೇ ಕೇಳಿದ್ದೆ. ‘ಇನ್ನೊಂದು ವಾರ ಕಾಯ್ತೀನಿ, ಆಮೇಲೆ ಫೋನ್ ಮಾಡ್ತೀನಿ’ ಅಂದಳು. ಆ ಕಡೆಯವರು ಹೆಚ್ಚು ಕಡಿಮೆ ಅದನ್ನೇ ಬರೆದಿದ್ದಾರೆ. ಕಾಗದಕ್ಕೆ ಇನ್ನೂ ಹತ್ತು ದಿನ ಕೊಟ್ಟಿದ್ದಾರೆ.

ಅದೇ ಪತ್ರದಲ್ಲಿ ಇನ್ನೊಂದು ಸಾಲು. ನಮ್ಮವರು ಮಳಿಗೆಯನ್ನು ಎರಡು ದಿನ ಮುಂಚೆ ಬಿಟ್ಟುಕೊಡಿ, ಸಾಮಾನು ಜೋಡಿಸಬೇಕು ಅಂತ ಕೇಳಿದ್ದರು. ಅದಕ್ಕೆ ಉತ್ತರ: ‘ನೆ ಪ್ರೆದ್‌ಸ್ತವ್ಲ್ಯಾಯೆತ್ಸ್ಯಾ ವೊಜ್ಮೋಝ್ನಿಮ್.’ ಈ ಸಲ ಯಾರನ್ನೂ ಕೇಳಬೇಕಾಗಲಿಲ್ಲ. ಹೂಜಿ ಮಾಡೋ ಚಾಚಾಗೆ ಫೋನ್ ಮಾಡಿ, ಅವರು ಬಹಳ ಗೌರವದಿಂದ ಬರೆದಿದ್ದಾರೆ ಅಂತ ಶುರು ಮಾಡಿದೆ. ಅಷ್ಟಕ್ಕೇ ಅವರು, ‘ಸ್ವಲ್ಪ ಕಷ್ಟ ಅಂದ್ರೇನು ಬೇಟಿ? ಹೋಗ್ಲಿ ಬಿಡು, ರಾತ್ರಿ ಕೂತು ಜೋಡಿಸ್ತೀವಿ’ ಅಂದರು.